ಪುಣೆಯ ಕೋಥ್ರೂಡಿನ ಒಂದು ಮಾಂಟೆಸ್ಸರಿ ಮನೆಯ ಚಳಿಗಾಲ: ಏನು ಚೆನ್ನ, ಏನು ಸಾಲದು

ಪುಣೆಯ ಚಳಿ ಹೆಚ್ಚೆಂದರೆ ಎರಡೂವರೆ ತಿಂಗಳು. ಡಿಸೆಂಬರ್, ಜನವರಿಯ ಬೆಳಗ್ಗೆ 10–12 ಡಿಗ್ರಿ, ಕೆಲವು ದಿನ ಇನ್ನೂ ಕೆಳಗೆ. ಅದೇ ದಿನ ಮಧ್ಯಾಹ್ನ ಅಂಗಳದಲ್ಲಿ 28–30. ಈ ಹೊತ್ತಿಗೆ ಊರಿನ ಎಷ್ಟೋ ಪ್ರೀಸ್ಕೂಲುಗಳ ಗೋಡೆಗೆ ಹತ್ತಿಯ ಹಿಮ, ಪೆಂಗ್ವಿನ್, ಸ್ನೋಮ್ಯಾನ್ ಅಂಟಿಕೊಳ್ಳುತ್ತವೆ. ಆರು ವರ್ಷದೊಳಗಿನ ಮಗು ಕಲಿಯುವುದು ಮುಟ್ಟಿ, ಮೂಸಿ, ಎತ್ತಿ ನೋಡಿ. ಹತ್ತಿಯನ್ನು ಮುಟ್ಟಿದರೆ ಅದಕ್ಕೆ ಹತ್ತಿ ಗೊತ್ತಾಗುತ್ತದೆ, ಚಳಿ ಗೊತ್ತಾಗುವುದಿಲ್ಲ. ಮಾಂಟೆಸ್ಸರಿ ಮನೆ ಅಂದರೆ ಮಗು ಕಪಾಟಿನ ಸಾಮಗ್ರಿಯನ್ನು ತಾನೇ ಆರಿಸಿ, ಕೈಯಾರೆ ಕೆಲಸ ಮಾಡಿ ಕಲಿಯುವ ಶಿಶುಶಾಲೆ. ನಾವು ಇಲ್ಲಿ ಬರೆಯುತ್ತಿರುವ ಮನೆಯ ಗೋಡೆ ಖಾಲಿ ಇದೆ, ಕಪಾಟು ತುಂಬಿದೆ. ಹಳೆಯ ಬಂಗಲೆಯ ನೆಲಮಹಡಿಯಲ್ಲಿ ಎರಡೂವರೆಯಿಂದ ಆರು ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇಬ್ಬರು ತಾಈ (ಇಲ್ಲಿ ಶಿಕ್ಷಕಿಯನ್ನು ಹೀಗೆ ಕರೆಯುತ್ತಾರೆ), ಒಬ್ಬರು ಮಾವಶಿ (ಆಯಾ). ಬೆಳಗ್ಗೆ 9ರಿಂದ 12ರವರೆಗೆ ಕೆಲಸದ ಹೊತ್ತು. ಚಳಿಯನ್ನು ಮಗುವಿನ ಕೈಗೇ ಕೊಡುವುದರಲ್ಲಿ ಇವರು ನಿಜಕ್ಕೂ ಮುಂದಿದ್ದಾರೆ. ಆದರೆ ಜನವರಿಯಲ್ಲಿ ಅದೇ ಕೆಲಸವನ್ನು ತಾವೇ ಕೆಡಿಸಿಕೊಳ್ಳುತ್ತಾರೆ.

ಮೊದಲು ಥರ್ಮಿಕ್ ಹಲಗೆಗಳ ವಿಷಯ. ಮರ, ಫೆಲ್ಟ್ ಬಟ್ಟೆ, ಕಬ್ಬಿಣ, ಅಮೃತಶಿಲೆ, ಹೀಗೆ ಜೋಡಿ ಜೋಡಿಯಾಗಿ ಒಂದೇ ಅಳತೆಯ ಹಲಗೆಗಳಿರುವ ಡಬ್ಬಿ ಅದು. ಮಗು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಂಗೈ ಊರಿ ಜೋಡಿ ಹುಡುಕಬೇಕು. ಹಲಗೆಗಳೆಲ್ಲ ಒಂದೇ ಕೋಣೆಯಲ್ಲಿ ಇದ್ದುದರಿಂದ ಎಲ್ಲದರ ಉಷ್ಣತೆ ಒಂದೇ. ಕಬ್ಬಿಣ ಅಂಗೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಆದ್ದರಿಂದ ತಣ್ಣಗೆ ತಾಗುತ್ತದೆ. ಫೆಲ್ಟ್ ಎಳೆಯುವುದಿಲ್ಲ, ಅದಕ್ಕೇ ಬೆಚ್ಚಗೆ ತಾಗುತ್ತದೆ. ಈ ವ್ಯತ್ಯಾಸ ಕೈಗೆ ಸಿಗಬೇಕಾದರೆ ಕೋಣೆ ಅಂಗೈಗಿಂತ ಚೆನ್ನಾಗಿ ತಣ್ಣಗಿರಬೇಕು. ಏಪ್ರಿಲ್‌ನಲ್ಲಿ ಕೋಣೆಯೇ 34 ಡಿಗ್ರಿ ಇರುವಾಗ ಕಬ್ಬಿಣವೂ ಮರವೂ ಒಂದೇ ಥರ ಅನ್ನಿಸಿ, ಮಗು ಬೇಸರಪಟ್ಟು ಡಬ್ಬಿ ಮುಚ್ಚಿಡುತ್ತದೆ. ಹೀಗಾಗಿ ಪುಣೆಯಲ್ಲಿ ಈ ಡಬ್ಬಿಗೆ ಡಿಸೆಂಬರ್, ಜನವರಿಯ ಬೆಳಗ್ಗೆಯೇ ಕಾಲ. ಇಲ್ಲಿನ ತಾಈಯಂದಿರು ಅದನ್ನು ಅರಿತು, ಉಳಿದ ತಿಂಗಳು ಹಿಂದಿನ ಸಾಲಿನಲ್ಲಿರುವ ಡಬ್ಬಿಯನ್ನು ನವೆಂಬರ್ ಕೊನೆಗೆ ಮುಂದಕ್ಕೆ ತರುತ್ತಾರೆ.

ಎಡವಟ್ಟಾಗುವುದು ಮೂರು ಕಡೆ. ಕಿಟಕಿಯ ಬಿಸಿಲು ಬೀಳುವ ಕಪಾಟಿನಲ್ಲಿ ಡಬ್ಬಿ ಇಟ್ಟರೆ ಮೇಲಿನ ಹಲಗೆಗಳು ಕಾದು ಲೆಕ್ಕ ತಪ್ಪುತ್ತದೆ. ಮಗು ಒಂದೇ ಹಲಗೆಯ ಮೇಲೆ ಕೈ ಊರಿಕೊಂಡೇ ಇದ್ದರೆ ಹಲಗೆಯೂ ಬೆಚ್ಚಗಾಗುತ್ತದೆ. ಎರಡು ಮೂರು ಸೆಕೆಂಡಿಗೆ ಕೈ ಎತ್ತಬೇಕು. ತಣ್ಣೀರಿನ ಕೆಲಸ ಮುಗಿಸಿ ನೇರ ಇಲ್ಲಿಗೆ ಬಂದ ಮಗುವಿನ ಬೆರಳು ಮರಗಟ್ಟಿರುತ್ತದೆ, ಏನೂ ತಿಳಿಯುವುದಿಲ್ಲ. ಮೂರನೆಯದನ್ನು ಇಲ್ಲಿ ಸರಿಯಾಗಿ ನೋಡಿಕೊಳ್ಳುತ್ತಾರೆ. ಅಂಗೈ ಉಜ್ಜಿ, ಕೆನ್ನೆಗೆ ಇಟ್ಟು ನೋಡಿ, ಆಮೇಲೆ ಶುರು. ಮೊದಲನೆಯದು ಮಾತ್ರ ಇನ್ನೂ ಸರಿಯಾಗಿಲ್ಲ. ಕಪಾಟು ಪೂರ್ವದ ಕಿಟಕಿಯ ಕೆಳಗೇ ಇದೆ.

ಸ್ವೆಟರ್ ಹಾಕಿಕೊಳ್ಳುವುದೂ ಇಲ್ಲಿ ಒಂದು ಪಾಠ. ಜಾಕೆಟ್ಟನ್ನು ಒಳಮೈ ಮೇಲಾಗಿ ನೆಲಕ್ಕೆ ಹಾಸಿ, ಕಾಲರ್ ತನ್ನ ಪಾದದ ಕಡೆ ಬರುವಂತೆ ಮಗು ನಿಲ್ಲುತ್ತದೆ. ಬಗ್ಗಿ ಎರಡೂ ಕೈ ತೋಳಿಗೆ ತೂರಿಸಿ, ಹಾಗೇ ತಲೆಯ ಮೇಲಿಂದ ಹಿಂದಕ್ಕೆ ಹಾಯಿಸಿದರೆ ಆಯಿತು. ಮೂರು ವರ್ಷದ ಮಗು ಒಂದು ವಾರದಲ್ಲಿ ಕಲಿಯುತ್ತದೆ. ಕಾಲರ್ ಪಾದದ ಕಡೆ ಇರದಿದ್ದರೆ ಜಾಕೆಟ್ ತಲೆಕೆಳಗಾಗಿ ಬಂದು ಅಳು. ಜಿಪ್ಪಿನ ಕೆಳತುದಿ ಕೂಡಿಸುವುದು ಇದಕ್ಕಿಂತ ಕಷ್ಟ, ಅದಕ್ಕೆ ಜಿಪ್ ಫ್ರೇಮಿನ (ಜಿಪ್ ಇರುವ ಬಟ್ಟೆ ಬಿಗಿದ ಮರದ ಚೌಕಟ್ಟಿನ) ಮೇಲೆ ಅಭ್ಯಾಸ ಬೇರೆ.

ಮನೆಯವರು ತಪ್ಪುವುದೂ ಬಟ್ಟೆಯಲ್ಲೇ. ದಪ್ಪ ಉಣ್ಣೆಯ ತೋಳು ಮೊಣಕೈವರೆಗೆ ಮಡಚುವುದಿಲ್ಲ. ನೀರು ಸುರಿಯುವ ಕೆಲಸದಲ್ಲಿ ನೆನೆದು 12 ಗಂಟೆಯವರೆಗೂ ಒದ್ದೆ. ಒಳಗೆ ಅರ್ಧ ತೋಳಿನ ಹತ್ತಿ ಅಂಗಿ, ಮೇಲೆ ಮುಂದೆ ತೆರೆಯುವ ತೆಳು ಸ್ವೆಟರ್ ಸಾಕು. ಹತ್ತೂವರೆಗೆ ಅದನ್ನೂ ಮಗು ತಾನೇ ಕಳಚಿ ಮೊಳೆಗೆ ನೇತುಹಾಕುತ್ತದೆ. ಕಿವಿ ಮುಚ್ಚುವ ಮಂಕಿ ಕ್ಯಾಪ್ ದಾರಿಗಿರಲಿ, ಕೋಣೆಯೊಳಗೆ ಬೇಡ. ತಾಈ ಮಾತಾಡುವುದೇ ಮೆಲುದನಿಯಲ್ಲಿ, ಕೇಳಿಸುವುದಿಲ್ಲ. ನೆಲ ಶಹಾಬಾದ್ ಕಲ್ಲು, ನಮ್ಮ ಕಲಬುರಗಿ ಕಡೆಯದು. ಬೇಸಿಗೆಯಲ್ಲಿ ಹಿತ, ಚಳಿಯಲ್ಲಿ ಕಾಲಿಗೆ ಕೊರೆಯುತ್ತದೆ, ಉಣ್ಣೆ ಕಾಲುಚೀಲ ಅದರ ಮೇಲೆ ಜಾರುತ್ತದೆ. ಗೆರೆಯ ಮೇಲೆ ನಡೆಯುವ ಕೆಲಸಕ್ಕೆ ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವ ಕಾಲುಚೀಲವೇ ಆಗಬೇಕು.

ಇನ್ನು ಕಾಳು ಬಿಡಿಸುವ ತಟ್ಟೆ. ಈ ಮನೆಯಲ್ಲಿ ನಮಗೆ ಬಹಳ ಹಿಡಿಸಿದ್ದು ಇದು. ತಟ್ಟೆಯಲ್ಲಿ ಎಡದಿಂದ ಬಲಕ್ಕೆ ಮೂರು ಬಟ್ಟಲು: ಕಾಯಿಗೆ, ಕಾಳಿಗೆ, ಸಿಪ್ಪೆಗೆ. ಕಾಯಿ ಹತ್ತೇ. ಹೆಚ್ಚಿಟ್ಟರೆ ಚಿಕ್ಕ ಮಗು ಅರ್ಧಕ್ಕೆ ಎದ್ದುಹೋಗುತ್ತದೆ, ಹತ್ತಾದರೆ ಮುಗಿಸಿ ಏಳುತ್ತದೆ. ತೊಟ್ಟು ಚಿವುಟಿ, ನಾರು ಎಳೆದು, ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತಿದರೆ ಬಾಯಿ ಬಿಡುತ್ತದೆ. ಒಂದೆರಡು ಕಾಳು ನೆಲಕ್ಕೆ ಹಾರುವುದೂ ಕೆಲಸದ ಭಾಗ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಹೆಕ್ಕುವ ಆ ಹಿಡಿತವೇ ನಾಳೆ ಪೆನ್ಸಿಲ್ಲಿನ ಹಿಡಿತ. ಎಡದಿಂದ ಬಲಕ್ಕೆ ಸಾಗುವ ಕ್ರಮವೇ ಓದುವ, ಬರೆಯುವ ಕ್ರಮ.

ಮೊದಲು ಹಸಿ ಬಟಾಣಿ, ಜನವರಿಯಲ್ಲಿ ಅವರೆ. ಇಲ್ಲಿನ ಮಂಡಿಯಲ್ಲಿ ಪಾವ್ಟಾ ಅಂದರೆ ಸಿಗುತ್ತದೆ. ನಾಲ್ಕೂವರೆ ವರ್ಷ ದಾಟಿದವರಿಗೆ ಹಿದುಕುವ ಕೆಲಸ. ರಾತ್ರಿಯಿಡೀ ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದು ತುದಿಯಲ್ಲಿ ಒತ್ತಿದರೆ ಬೇಳೆ ಜಾರಿ ಹೊರಗೆ ಬರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ನೆನೆದದ್ದು ಸಾಲದಿದ್ದರೆ ಸಿಪ್ಪೆ ಹರಿದು ಬೇಳೆ ಒಡೆಯುತ್ತದೆ. ನೀರು ಉಗುರುಬೆಚ್ಚಗಿರಬೇಕು, ಇಲ್ಲವಾದರೆ ಹತ್ತು ಕಾಳಿಗೆ ಬೆರಳು ಸೋಲುತ್ತದೆ. ಕನ್ನಡದ ಮನೆಯ ಮಕ್ಕಳು ಇದನ್ನು ಉಳಿದವರಿಗೆ ತೋರಿಸಿಕೊಡುವುದನ್ನು ನೋಡಬೇಕು. ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೆ ಕೂರಿಸುವುದರ ಲಾಭ ಕಣ್ಣಿಗೆ ಕಾಣುತ್ತದೆ. ಎಚ್ಚರ ಎರಡು: ಹಸಿ ಬಟಾಣಿಯನ್ನು ಬೇಯಿಸದೆ ಜಗಿದು ತಿಂದರೂ ನಡೆದೀತು, ಹಸಿ ಅವರೆಯನ್ನು ಬೇಯಿಸದೆ ತಿನ್ನಕೂಡದು. ಮೂರು ವರ್ಷದೊಳಗಿನವರ ಪಕ್ಕದಲ್ಲಿ ದೊಡ್ಡವರು ಕೂತೇ ಇರಬೇಕು, ಕಾಳು ಮೂಗಿಗೆ ಹೋಗಲು ಅರೆಕ್ಷಣ ಸಾಕು.

ಮಹಾರಾಷ್ಟ್ರಕ್ಕೆ ಇಂಥ ಕೆಲಸ ಹೊಸದೇನಲ್ಲ. ಶಿಶುಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಮುಂಬೈಯ ಉತ್ತರಕ್ಕಿರುವ ಬೋರ್ಡಿ ಎಂಬ ಹಳ್ಳಿಯಲ್ಲಿ, ಆಮೇಲೆ ಹತ್ತಿರದ ಕೋಸ್ಬಾಡ್‌ನಲ್ಲಿ, ಬೀಜ, ಕಲ್ಲು, ಎಲೆ, ಚಿಪ್ಪುಗಳನ್ನೇ ಮಾಂಟೆಸ್ಸರಿ ಸಾಮಗ್ರಿ ಮಾಡಿಕೊಂಡು ಹಳ್ಳಿಯ, ಆದಿವಾಸಿ ಹಾಡಿಯ ಮಕ್ಕಳಿಗೆ ಕಲಿಸಿದರು.

ಸಂಕ್ರಾಂತಿಗೆ ಇಲ್ಲಿ ತಿಳಗೂಳ್ ಲಾಡು, ಅಂದರೆ ಎಳ್ಳು ಬೆಲ್ಲದ ಉಂಡೆ, ಮಾಡಿಸುತ್ತಾರೆ. ಇದರಲ್ಲಿ ನಮ್ಮ ತಕರಾರು ಇದೆ. ಚಿಕ್ಕಿ ಬೆಲ್ಲದ ಪಾಕ ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಕಲ್ಲಾಗುತ್ತದೆ. ಆ ಬಿಸಿ ಮಕ್ಕಳ ಕೈಗಲ್ಲ. ಹಾಗಾಗಿ ಉಂಡೆಯನ್ನು ತಾಈ ಕಟ್ಟುತ್ತಾರೆ, ಮಕ್ಕಳು ನೋಡುತ್ತಾ ಕೂರುತ್ತಾರೆ. ನೋಡುತ್ತಾ ಕೂರುವುದು ಮಾಂಟೆಸ್ಸರಿ ಅಲ್ಲ. ಕರ್ನಾಟಕದ ಎಳ್ಳುಬೆಲ್ಲಕ್ಕೆ ಪಾಕವೇ ಬೇಡ, ಎಳ್ಳನ್ನೂ ಕಡಲೆಬೀಜವನ್ನೂ ಹಿಂದಿನ ದಿನ ದೊಡ್ಡವರು ಹುರಿದಿಟ್ಟರೆ ಮುಂದಿನದ್ದೆಲ್ಲ ಮಕ್ಕಳ ಕೆಲಸ. ಬೀಜ ಉಜ್ಜಿ ಸಿಪ್ಪೆ ಬಿಡಿಸುವುದು, ಚಿಕ್ಕ ಮೊರದಲ್ಲಿ ಕೇರಿ ಹೊಟ್ಟು ಹಾರಿಸುವುದು, ಕುಟ್ಟಾಣಿಯಲ್ಲಿ ಒಡೆಯುವುದು, ಸಮ ಅಳತೆಯ ಲೋಟದಲ್ಲಿ ಎಳ್ಳು, ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ತಲಾ ಒಂದು ಅಳೆದು ಬೆರೆಸುವುದು, ಪೊಟ್ಟಣ ಕಟ್ಟುವುದು. ಹನ್ನೆರಡು ಮಕ್ಕಳಿಗೆ ಸಾಕಾಗುವಷ್ಟು ಬೇರೆ ಬೇರೆ ಕೆಲಸ ಒಂದೇ ತಿಂಡಿಯಲ್ಲಿ ಸಿಗುತ್ತದೆ. ಒಣಕೊಬ್ಬರಿ ಮತ್ತು ಅಚ್ಚು ಬೆಲ್ಲ ಕತ್ತರಿಸುವುದು ಮಾತ್ರ ದೊಡ್ಡವರಿಗೇ ಬಿಡಬೇಕು, ಚಾಕು ಜಾರುತ್ತದೆ. ಇಡೀ ಕಡಲೆಬೀಜ ಪುಟ್ಟವರ ಗಂಟಲಿಗೆ ಅಪಾಯ, ಕುಟ್ಟಿಯೇ ಬೆರೆಸಬೇಕು. ಎಳ್ಳು, ಕಡಲೆಬೀಜ ಯಾರಿಗಾದರೂ ಒಗ್ಗುವುದಿಲ್ಲವೇ ಎಂದು ಮೊದಲೇ ಬರೆಸಿಕೊಳ್ಳುವುದು ಈ ಮನೆಯಲ್ಲಿ ಇದೆ, ಅದು ಒಳ್ಳೆಯದು. ಮುಂದಿನ ವರ್ಷ ಲಾಡುವಿನ ಪಕ್ಕದಲ್ಲಿ ಎಳ್ಳುಬೆಲ್ಲದ ತಟ್ಟೆಯೂ ಇರಲಿ ಎಂದು ಕನ್ನಡದ ಪೋಷಕರು ಕೇಳಿದರೆ ತಾಈಯಂದಿರು ಬೇಡ ಅನ್ನಲಾರರು.

ನೆರಳು ಅಳೆಯುವ ಕೆಲಸ ದೊಡ್ಡ ಮಕ್ಕಳದ್ದು. ಅಂಗಳದ ಸಮತಟ್ಟು ಜಾಗದಲ್ಲಿ ಒಂದು ಮೀಟರ್ ಬಿದಿರಿನ ಕೋಲು ನೆಟ್ಟಗೆ ನಿಂತಿದೆ. ಮನೆಗೆ ಹೋಗುವ ಹೊತ್ತಿಗೆ, 12.30ಕ್ಕೆ, ಮಗು ನೆರಳಿನುದ್ದಕ್ಕೆ ರಿಬ್ಬನ್ ಹಿಡಿದು ಕತ್ತರಿಸಿ, ಅದನ್ನು ಒಳಗೆ ತಂದು ಕೆಂಪು ಕೋಲುಗಳ ಪಕ್ಕ ಇಟ್ಟು ನೋಡುತ್ತದೆ. ಕೆಂಪು ಕೋಲು ಹತ್ತು, 10 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ. ಡಿಸೆಂಬರ್ 22ರಂದು ಪುಣೆಯಲ್ಲಿ ಆ ನೆರಳು ಸುಮಾರು 90 ಸೆಂಟಿಮೀಟರ್, ಅಂದರೆ ಸರಿಯಾಗಿ ಒಂಬತ್ತನೆಯ ಕೋಲು. ಸಂಕ್ರಾಂತಿಗೆ ಸುಮಾರು 84. ಫೆಬ್ರವರಿ ಮಧ್ಯಕ್ಕೆ 62ರ ಆಸುಪಾಸು, ಆರನೆಯ ಕೋಲಿಗಿಂತ ಒಂದು ಬೆರಳು ಹೆಚ್ಚು. ವಾರಕ್ಕೊಂದು ರಿಬ್ಬನ್ ಸಾಲಾಗಿ ನೇತಾಡುವಾಗ ಸೂರ್ಯ ಮೇಲೇರುತ್ತಿರುವುದು ಯಾರೂ ಹೇಳದೆ ಕಾಣುತ್ತದೆ. ಕೋಲು ವಾಲಿದರೆ ಎಲ್ಲ ಹಾಳು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ವಾರಕ್ಕೊಮ್ಮೆ ನೋಡಿಕೊಳ್ಳುತ್ತಾರೆ. ಹಬ್ಬದ ರಜೆಯಲ್ಲಿ ರಿಬ್ಬನ್ ತಪ್ಪಿಹೋಗುವುದಕ್ಕೆ ಮಾತ್ರ ಇಲ್ಲಿ ಉಪಾಯವಿಲ್ಲ.

ಮೆಂತ್ಯ, ಕೊತ್ತಂಬರಿ ಬಿತ್ತನೆ ಸಾಧಾರಣ. ಚಳಿಗೆ ಮೊಳಕೆ ನಿಧಾನ, ಮಕ್ಕಳು ಮೂರನೇ ದಿನವೇ ಮಣ್ಣು ಕೆದಕಿ ನೋಡುತ್ತಾರೆ. ಗಾಜಿನ ಲೋಟದ ಅಂಚಿಗೆ ನಾಲ್ಕು ಕಾಳು ಹಾಕಿಟ್ಟರೆ ಕೆದಕುವುದು ತಪ್ಪುತ್ತದೆ. ಹೂ ಜೋಡಿಸುವ ಕೆಲಸಕ್ಕೆ ಸೇವಂತಿಗೆ ಹೇರಳ, ಅದು ಚೆನ್ನಾಗಿದೆ. ಹೊರಗಿನ ಆಟವನ್ನು ಬೆಳಗಿನ ಚಳಿಯಿಂದ ಬಿಸಿಲೇರಿದ ಹೊತ್ತಿಗೆ ಸರಿಸಿರುವುದು ಸರಿ. ಚಳಿಯ ಬೆಳಗ್ಗೆ ಎಲೆ ಸುಟ್ಟ ಹೊಗೆ ಮೇಲೇರದೆ ನೆಲದ ಮಟ್ಟದಲ್ಲೇ ನಿಂತಿರುತ್ತದೆ.

ಈಗ ಜನವರಿಯ ಮಾತು. ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ) ತಯಾರಿ ಶುರುವಾದರೆ ದಿನವೂ 10.15ಕ್ಕೆ ಗಂಟೆ ಬಾರಿಸಿ, ಮುಕ್ಕಾಲು ಗಂಟೆ ಎಲ್ಲರನ್ನೂ ಕುಣಿತಕ್ಕೆ ಕರೆಯುತ್ತಾರೆ. ಮೂರು ಗಂಟೆಯ ಕೆಲಸದ ಹೊತ್ತಿಗೆ ಒಂದು ಲಯವಿದೆ. ಮೊದಲ ಗಂಟೆ ಮಗು ಪರಿಚಿತ, ಸುಲಭ ಕೆಲಸ ಮಾಡುತ್ತದೆ. ಹತ್ತರ ಸುಮಾರಿಗೆ ಕೋಣೆಯಲ್ಲಿ ಗದ್ದಲ, ಓಡಾಟ. ದಣಿವಿನಂತೆ ಕಂಡರೂ ಅದು ದಣಿವಲ್ಲ, ಈ ಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸ್ಸರಿ ಅದನ್ನು ಸುಳ್ಳು ದಣಿವು ಅಂದರು. ಅದನ್ನು ದಾಟಿದ ಮೇಲೆಯೇ ಮಗು ದಿನದ ದೊಡ್ಡ ಕೆಲಸಕ್ಕೆ ಕೈ ಹಾಕುವುದು. ಸರಿಯಾಗಿ ಆ ಹೊಸ್ತಿಲಲ್ಲಿ ಗಂಟೆ ಬಾರಿಸಿದರೆ ದೊಡ್ಡ ಕೆಲಸ ಬರುವುದೇ ಇಲ್ಲ. ಥರ್ಮಿಕ್ ಹಲಗೆಗೆ ವರ್ಷದಲ್ಲಿ ಸಿಗುವ ಎಂಟು ವಾರದಲ್ಲಿ ಮೂರು ವಾರ ಹೀಗೆ ಹೋಗುತ್ತದೆ. ಅಭ್ಯಾಸವನ್ನು 11.45ಕ್ಕೆ ಹಾಕಿದರೆ ಯಾರಿಗೂ ನಷ್ಟವಿಲ್ಲ. ಇಷ್ಟು ತಿಳಿದ ತಾಈಯಂದಿರು ಇದನ್ನು ಬಿಟ್ಟುಕೊಟ್ಟಿರುವುದು ನಮಗೆ ನೋವಿನ ವಿಷಯ. ಪೋಷಕರ ಒತ್ತಾಯವೂ ಇದರ ಹಿಂದೆ ಇದೆ. ವೇದಿಕೆಯ ವೀಡಿಯೊ ಬೇಕು ಅನ್ನುವವರು ನಾವೇ ಅಲ್ಲವೇ.

ಭಾಷೆಯ ಕಡೆ ಮರಾಠಿ, ಇಂಗ್ಲಿಷ್ ಎರಡೇ. ಉಪ್ಪುಕಾಗದದ ಅಕ್ಷರಗಳೂ (ಹಲಗೆಗೆ ಅಂಟಿಸಿದ, ಮಗು ಬೆರಳಾಡಿಸಿ ಕಲಿಯುವ ಒರಟು ಅಕ್ಷರಗಳು) ಆ ಎರಡರಲ್ಲೇ. ದೇವನಾಗರಿಯ ವರ್ಣಮಾಲೆಯ ಕ್ರಮವೇ ನಮ್ಮದೂ ಆದ್ದರಿಂದ ಧ್ವನಿ ಬಂದ ಮಗುವಿಗೆ ಬಹುಪಾಲು ಕನ್ನಡದ ಆಕಾರ ಮಾತ್ರ ಬೇಕು. ಮನೆಯಲ್ಲಿ 49 ಅಕ್ಷರದ ಕಟ್ಟು ಮಾಡಿಕೊಳ್ಳುವುದು ಒಂದು ರಜೆಯ ಕೆಲಸ: 120 ನಂಬರಿನ ಉಪ್ಪುಕಾಗದ, ಅಂಗೈಯಗಲದ ಅಕ್ಷರ, ಸ್ವರಕ್ಕೆ ನೀಲಿ ಹಲಗೆ, ವ್ಯಂಜನಕ್ಕೆ ಗುಲಾಬಿ. ಗ, ಸ, ಮ ಥರ ಆಕಾರ ದೂರವಿರುವ ಮೂರನ್ನು ಮೊದಲು ಕೊಡಿ. ಬ ಮತ್ತು ಭ, ಪ ಮತ್ತು ಷ ಒಟ್ಟಿಗೆ ಬೇಡ. ಚಳಿಗೆ ಬೆರಳ ತುದಿ ಒಡೆದಿದ್ದರೆ ಉಪ್ಪುಕಾಗದ ಉರಿಯುತ್ತದೆ, ಮಗು ಅಕ್ಷರವನ್ನೇ ಬೇಡ ಅನ್ನುತ್ತದೆ. ಕೊಬ್ಬರಿ ಎಣ್ಣೆ ರಾತ್ರಿ ಹಚ್ಚಿ. ಬೆಳಗ್ಗೆ ಹಚ್ಚಿದರೆ ಎಣ್ಣೆ ಕಾಗದಕ್ಕೆ ಇಳಿದು ಒರಟುತನ ಹೋಗುತ್ತದೆ.

ಮಾಂಟೆಸ್ಸರಿ ಅನ್ನುವ ಹೆಸರನ್ನು ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಯಬಹುದು, ಆದ್ದರಿಂದ ಎಲ್ಲಿಗೇ ಸೇರಿಸುವುದಾದರೂ ಒಮ್ಮೆ ಒಳಗೆ ಕೂತು ನೋಡಿ. ಈ ಮನೆಯವರು ಮುಂಚೆ ಹೇಳಿ ಬಂದವರಿಗೆ ಮೂಲೆಯಲ್ಲಿ ಕುರ್ಚಿ ಹಾಕಿಕೊಡುತ್ತಾರೆ. 9.30ಕ್ಕೆ ಹೋಗಿ 11ರವರೆಗೆ ಕೂತರೆ ಹತ್ತರ ಗದ್ದಲವೂ, ಅದು ತಾನಾಗಿ ಇಳಿಯುವುದೂ ಕಾಣಸಿಗುತ್ತದೆ. ಫೆಬ್ರವರಿ ಹದಿನೈದರೊಳಗೆ ಹೋಗಿ. ಆಮೇಲೆ ಕೋಣೆ ಬಿಸಿಯಾಗುತ್ತಾ ಬರುತ್ತದೆ, ಥರ್ಮಿಕ್ ಡಬ್ಬಿ ಮತ್ತೆ ಹಿಂದಿನ ಸಾಲಿಗೆ ಹೋಗಿರುತ್ತದೆ.