ಅಜ್ಜಿಯನ್ನೂ ಪಾಠಕ್ಕೆ ಕರೆಯುವ ಉರ್ದು ಕ್ಲಾಸು

ಇಂಗ್ಲೆಂಡಿನ ಬ್ರಾಡ್‌ಫರ್ಡ್, ಲೀಡ್ಸ್ ಕಡೆ ಮಕ್ಕಳಿಗೆ ಉರ್ದು ಎಲ್ಲಿ ಕಲಿಸೋದು ಅಂತ ವಿಜಯಪುರ, ಕಲಬುರಗಿಯಿಂದ ಬಂದ ನಮ್ಮವರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಬಾಗಲಕೋಟೆಯವಳು, ಮನೆಮಾತು ದಖನಿ, ಅಂದರೆ ನಮ್ಮ ಕಡೆಯ ಉರ್ದು, ಓದಿದ್ದು ಕನ್ನಡ ಶಾಲೆಯಲ್ಲಿ. ಗಂಡನ ಮನೆಯವರು ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದ ಮೀರ್‌ಪುರದಿಂದ ಬಂದವರು. ಬ್ರಾಡ್‌ಫರ್ಡ್‌ನ ಮ್ಯಾನಿಂಗ್‌ಹ್ಯಾಮ್ ಬಡಾವಣೆಯ ಒಂದು ಸಮುದಾಯ ಭವನದಲ್ಲಿ ಇಬ್ಬರು ನಿವೃತ್ತ ಶಿಕ್ಷಕಿಯರು ಶನಿವಾರ ಬೆಳಿಗ್ಗೆ ನಡೆಸುವ ಕ್ಲಾಸಿಗೆ ನನ್ನ ಮಗ, ಮಗಳು ಇಬ್ಬರೂ ಹೋಗುತ್ತಾರೆ.

ಮೊದಲು ಬರವಣಿಗೆ. ಇಲ್ಲಿ ಇನ್ನೂ ತಖ್ತಿ ಬಳಸುತ್ತಾರೆ. ಮರದ ಹಲಗೆಯನ್ನು ತೊಳೆದು, ಮುಲ್ತಾನಿ ಮಣ್ಣನ್ನು ತೆಳ್ಳಗೆ ಸವರಿ ಒಣಗಿಸಬೇಕು. ಬ್ರಾಡ್‌ಫರ್ಡ್‌ನ ಬಿಸಿಲನ್ನು ನಂಬುವ ಹಾಗಿಲ್ಲ, ಹಾಗಾಗಿ ಹಲಗೆಗಳೆಲ್ಲ ರೇಡಿಯೇಟರ್‌ಗೆ ಒರಗಿ ನಿಂತಿರುತ್ತವೆ. ಒಣಗಿದ ಮೇಲೆ ಪೆನ್ಸಿಲ್ ಗೆರೆ ಎಳೆದು, ಓರೆಯಾಗಿ ಕತ್ತರಿಸಿದ ಜೊಂಡಿನ ಕಲಮಿನಿಂದ ಬರೆಯುತ್ತಾರೆ. ಉರ್ದು ಬರೆಯುವ ಓರೆ ಶೈಲಿಯಾದ ನಸ್ತಾಲೀಕ್‌ನಲ್ಲಿ ಅಕ್ಷರಗಳನ್ನು ಅಳೆಯೋದು ಕಲಮಿನ ಚುಕ್ಕೆಯಿಂದಲೇ: ಮೊದಲ ಅಕ್ಷರ ಅಲಿಫ್ ಅಂದರೆ ಮೂರು ಚುಕ್ಕೆ ಎತ್ತರ. ನನ್ನ ಮಗ ಮೊದಲು ಚುಕ್ಕೆ ಇಟ್ಟು, ಉಸಿರು ಬಿಗಿಹಿಡಿದು, ಆಮೇಲೆ ಅಲಿಫ್ ಎಳೆಯುತ್ತಾನೆ. ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿ ಕಲಿಯುವಾಗ ಅವನಿಗೆ ಈ ಶ್ರದ್ಧೆ ಇರಲಿಲ್ಲ.

ಆದರೆ ನಾನು ಈ ಕ್ಲಾಸನ್ನು ಬಿಡದಿರಲು ಕಾರಣ ಬೇರೆ. ಮೀರ್‌ಪುರದವರ ಮನೆಯೊಳಗಿನ ಮಾತು ಪಹಾಡಿ, ಉರ್ದು ಅಲ್ಲ. ಹಿಂದೆ ಹೋಗುತ್ತಿದ್ದ ಇನ್ನೊಂದು ಕಡೆ ಮಕ್ಕಳ ಬಾಯಲ್ಲಿ ಪಹಾಡಿ ಬಂದರೆ 'ಹಳ್ಳಿಗರ ಮಾತು' ಅಂತ ತಿದ್ದುತ್ತಿದ್ದರು. ಕ್ರಮೇಣ ಮಗಳು ಅಜ್ಜಿಗೆ ಇಂಗ್ಲಿಷ್‌ನಲ್ಲೇ ಉತ್ತರ ಕೊಡತೊಡಗಿದಳು. ದಖನಿಗೂ ಇದೇ ಗತಿ ಆಗುವುದನ್ನು ಊರಲ್ಲಿ ನೋಡಿದವಳು ನಾನು, ತುಂಬ ಸಂಕಟವಾಯಿತು.

ಇಲ್ಲಿ ತಿಂಗಳ ಮೊದಲ ಶನಿವಾರ ಅಜ್ಜಿಯರನ್ನೇ ಕರೆಸಿ ಮಾತಾಡಿಸುತ್ತಾರೆ, ಪಹಾಡಿಯಲ್ಲೇ. ನಮ್ಮ ಅತ್ತೆ ಖಡಿ ಶರೀಫ್ ದರ್ಗಾದ ಸೂಫಿ ಸಂತರ ಪದ್ಯ ಹಾಡಿ, ಹಳೇ ಮೀರ್‌ಪುರದ ಕಥೆ ಹೇಳಿದರು. ಜೇಲಂ ನದಿಗೆ ಕಟ್ಟಿ 1967ರಲ್ಲಿ ಪೂರ್ತಿಯಾದ ಮಂಗ್ಲಾ ಅಣೆಕಟ್ಟಿನ ನೀರಿನಲ್ಲಿ ಊರೇ ಮುಳುಗಿತು. ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು, ಎಷ್ಟೋ ಕುಟುಂಬಗಳು ಬ್ರಿಟನ್‌ಗೆ ಬಂದವು. ನೀರು ಇಳಿದಾಗ ಹಳೇ ದರ್ಗಾ, ಮಂದಿರಗಳು ಈಗಲೂ ಕಾಣಿಸುತ್ತವೆ. ಅಷ್ಟು ಕೇಳಿ ನನ್ನ ಮಗಳು ಎದ್ದು ನಿಂತು, 'ನಮ್ಮ ಅಮ್ಮನ ಊರೂ ಮುಳುಗಿದೆ' ಅಂದಳಂತೆ. ಆಲಮಟ್ಟಿ ಹಿನ್ನೀರು, ನವನಗರ ಎಲ್ಲ ಅವಳು ನನ್ನಿಂದಲೇ ಕೇಳಿದ್ದು. ಶಿಕ್ಷಕಿ ಅದನ್ನು ಅಲ್ಲಿಗೇ ಬಿಡದೆ ಮಕ್ಕಳಿಂದ ಎರಡು ನಕ್ಷೆ ಬರೆಸಿದರು, ಒಂದರಲ್ಲಿ ಜೇಲಂ, ಇನ್ನೊಂದರಲ್ಲಿ ಘಟಪ್ರಭಾ. ಎರಡಕ್ಕೂ ಹೆಸರು ಬರೆದದ್ದು ಉರ್ದುವಿನಲ್ಲಿ. ಇಂಥ ಶಿಕ್ಷಕಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು.

ಕೊರತೆಗಳೂ ಇವೆ. ಪಠ್ಯಪುಸ್ತಕ ಲಾಹೋರಿನ ಮಕ್ಕಳಿಗೆ ಅಂತ ಬರೆದದ್ದು, ನಮ್ಮ ಮಕ್ಕಳಿಗೆ ಅರ್ಧ ಪಾಠ ಬಿಡಿಸಿ ಹೇಳಬೇಕು. ಹನ್ನೊಂದು ವರ್ಷ ದಾಟಿದವರಿಗೆ ಇಲ್ಲಿ ಜಾಗ ಇಲ್ಲ, ಜಿಸಿಎಸ್‌ಇ (ಹದಿನಾರರ ವಯಸ್ಸಿನ ಹೊತ್ತಿಗೆ ಬರೆಯುವ ಇಲ್ಲಿನ ಶಾಲಾ ಪರೀಕ್ಷೆ) ಉರ್ದು ಬರೆಯುವವರು ಬೇರೆ ಕಡೆ ನೋಡಿಕೊಳ್ಳಬೇಕು. ಅಜ್ಜಂದಿರನ್ನು ಯಾಕೆ ಕರೆಯುವುದಿಲ್ಲವೋ ನನಗಂತೂ ಅರ್ಥವಾಗಿಲ್ಲ. ಇಲ್ಲಿನ ಉಣ್ಣೆ ಗಿರಣಿಗಳಲ್ಲಿ ರಾತ್ರಿ ಪಾಳಿ ದುಡಿದವರು ಅವರು, ಆ ಕಥೆ ಮಕ್ಕಳಿಗೆ ಇನ್ಯಾರು ಹೇಳಬೇಕು? ಈ ಮಾತನ್ನು ಶಿಕ್ಷಕಿಯರಿಗೂ ಹೇಳಿದ್ದೇನೆ, ವಿಚಾರ ಮಾಡುತ್ತೇವೆ ಅಂದಿದ್ದಾರೆ.

ಸೇರಿಸುವುದಾದರೆ ಸೆಪ್ಟೆಂಬರ್‌ನಲ್ಲಿ ಸೇರಿಸಿ, ವರ್ಷದ ಮಧ್ಯೆ ಸೀಟು ಸಿಗುವುದು ಕಷ್ಟ. ತಖ್ತಿ, ಕಲಮು ಅವರೇ ಕೊಡುತ್ತಾರೆ. ಮಸಿ ತೊಳೆದರೂ ಹೋಗುವುದಿಲ್ಲ, ಹಳೇ ಬಟ್ಟೆ ಹಾಕಿ ಕಳಿಸಿ.