ಅಪ್ಪೆಮಿಡಿ ಲೇಬಲ್‌ಗೆ ಯಾವ ಫಾಂಟ್? ಹಾಕಿ ನೋಡಿದ್ದು ನಾಲ್ಕು

ಸಾಗರದ ಹತ್ತಿರ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಈ ಸಲ ಬಾಟಲಿಗೆ ಲೇಬಲ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಅವರು ಹೇಳಿದ್ದು ಇಷ್ಟೇ: ‘ಬಳ್ಳಿಗಿಳ್ಳಿ ಸುತ್ತಿದ ಅಕ್ಷರ ಬೇಡ ಮಾರಾಯ, ದೂರದಿಂದ ಓದಕ್ಕೆ ಬಂದ್ರೆ ಸಾಕು.’

ಮೊದಲು ಪಾಪಿನ್ಸ್. ಇಂಗ್ಲಿಷ್‌ನಲ್ಲಿ ಇದು ಚೆಂದ. ಓ, ಪಿ, ಡಿಗಳ ಹೊಟ್ಟೆ ಕೈವಾರ ಇಟ್ಟು ಎಳೆದ ಹಾಗೆ, ಗೆರೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ದಪ್ಪ. 1927ರ ಫ್ಯೂಚುರಾ ಫಾಂಟಿನ ಮನೆತನ. ಅದನ್ನೇ ಆರಿಸಿ ಕನ್ನಡ ಟೈಪ್ ಮಾಡಿದೆ, ಅಕ್ಷರವೂ ಬಂತು, ಖುಷಿಯಾಯ್ತು. ನೋಡಿದರೆ ಪಾಪಿನ್ಸ್‌ನಲ್ಲಿ ಇರುವುದು ಲ್ಯಾಟಿನ್ ಮತ್ತು ದೇವನಾಗರಿ ಮಾತ್ರ! ಕನ್ನಡಕ್ಕೆ ಕಂಪ್ಯೂಟರು ಸುಮ್ನೆ ತನ್ನದೊಂದು ಫಾಂಟ್ ತುರುಕಿತ್ತು.

ಆಮೇಲೆ ನೋಟೊ ಸ್ಯಾನ್ಸ್ ಕನ್ನಡ. ತಪ್ಪು ಹುಡುಕುವುದು ಕಷ್ಟ. ಆದರೆ ಅತ್ತಿಗೆ ಒಂದು ಸಲ ನೋಡಿ, ‘ಇದೆಂಥದು, ಮಾತ್ರೆ ಡಬ್ಬಿ ಥರ ಇದೆಯಲ್ಲ’ ಅಂದರು. ಇನ್ನೊಂದು ಕಿರಿಕಿರಿಯೂ ಇತ್ತು. ಮೇಲಿನ ಸಾಲಲ್ಲಿ ‘ಅಪ್ಪೆಮಿಡಿ’, ಕೆಳಗಿನ ಸಾಲಲ್ಲಿ ‘ಉಪ್ಪಿನಕಾಯಿ’. ಸಾಲುಗಳನ್ನು ಸ್ವಲ್ಪ ಹತ್ತಿರ ತಂದರೆ ‘ಪ್ಪೆ’ಯ ಒತ್ತು ಸೀದಾ ಕೆಳಗಿನ ‘ಪ್ಪಿ’ಯ ಗುಡಿಸಿನ ಮೇಲೆ ಬಂದು ಕೂರುತ್ತದೆ. ದೂರ ಇಟ್ಟರೆ ಲೇಬಲ್‌ನಲ್ಲಿ ಬೇರೇನಕ್ಕೂ ಜಾಗವಿಲ್ಲ. ಇಂಗ್ಲಿಷ್‌ಗೆ ಈ ತಾಪತ್ರಯ ಇಲ್ಲ. ನಮ್ಮ ಅಕ್ಷರ ಹುಟ್ಟಾ ದುಂಡು, ಅದಕ್ಕೆ ಕೈವಾರ ಬೇಕಿಲ್ಲ. ಒತ್ತಿಗೆ ಜಾಗ ಬೇಕು, ಅಷ್ಟೇ.

ಮೂರನೆಯದು ‘ಬಾಲೂ ತಮ್ಮ’: ದಪ್ಪ, ತುಂಟ. (ಇದೇ ಫಾಂಟ್ ಮಲಯಾಳಂನಲ್ಲಿ ‘ಚೇಟನ್’, ಗುಜರಾತಿಯಲ್ಲಿ ‘ಭಾಯಿ’. ನಮಗೆ ತಮ್ಮ!) ಹೆಸರಿಗೆ ಹಾಕಿದರೆ ಮಕ್ಕಳ ಚಿಪ್ಸ್ ಪ್ಯಾಕೆಟ್ಟು ಅನ್ನಿಸಿತು. ಒತ್ತಂತೂ ಇನ್ನೂ ಜೋರಾಗಿ ಡಿಕ್ಕಿ.

ಕೊನೆಗೆ ಅನೇಕ್ ಕನ್ನಡ. ಬಾಲೂ ಮಾಡಿದ ಏಕ್ ಟೈಪ್ ಸಂಸ್ಥೆಯವರದ್ದೇ. ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ (100 ಅಂದರೆ ಮಾಮೂಲಿ ಅಗಲ) ಎಳೆದಾಡಬಹುದು. ಅಗಲ 75ಕ್ಕೆ ಇಳಿಸಿದೆ. ಪೂರ್ತಿ ಹೆಸರು ಒಂದೇ ಸಾಲಲ್ಲಿ ಕೂತಿತು, ಒತ್ತಿನ ಜಗಳ ಅಲ್ಲಿಗೆ ಮುಗಿಯಿತು. ಅಗಲ ಕಿರಿದು ಮಾಡುವುದು ನೋಟೊದಲ್ಲೂ ಆಗುತ್ತದೆ, ಆದರೆ ಆ ಮಾತ್ರೆ ಡಬ್ಬಿ ಮಾತು ತಲೆಯಿಂದ ಹೋಗಲಿಲ್ಲ. ಅನೇಕ್‌ನದ್ದೇ ಇಂಗ್ಲಿಷ್ ಅಕ್ಷರ ಪಾಪಿನ್ಸ್‌ನಷ್ಟು ದುಂಡಗಿಲ್ಲ. ಕನ್ನಡದ ಪಕ್ಕ ಮಾತ್ರ ಒಂದೇ ಮನೆಯವರ ಹಾಗೆ ಕಾಣುತ್ತದೆ.

ಶಿವಮೊಗ್ಗದಲ್ಲಿ ಮೊದಲ ಪ್ರಿಂಟು ತೆಗೆಸಿದಾಗ ನನ್ನ ಎಡವಟ್ಟು ಗೊತ್ತಾಯ್ತು. ಕೆಳಗಿನ ಸಣ್ಣಕ್ಷರ 6 ಪಾಯಿಂಟ್, ಅದೂ ಬೋಲ್ಡ್. ‘ಶುದ್ಧ’ದಲ್ಲಿ ಒತ್ತಿನ ಪುಟ್ಟ ಸೀಳು ಶಾಯಿಯಲ್ಲಿ ಮುಚ್ಚಿ ‘ಶುದ್ದ’ ಆಗಿತ್ತು. 8 ಪಾಯಿಂಟ್ ರೆಗ್ಯುಲರ್ ಮಾಡಿದ ಮೇಲೆ ಸೀಳು ಕಂಡಿತು.

ಬಾಲೂವನ್ನೂ ಬಿಟ್ಟಿಲ್ಲ. ಮಾರಿಜಾತ್ರೆಯ ಸ್ಟಾಲಿನ ಬ್ಯಾನರಿಗೆ ಅದೇ ಇರಲಿ ಅಂದಿದ್ದಾರೆ ಅತ್ತಿಗೆ.