ಆಡಿನ ಮಂಪರಿಗೆ ಕ್ಸೈಲಜಿನ್‌ಗಿಂತ ನನಗೆ ಮಿಡಜೋಲಮ್ ವಾಸಿ

ಪುಣೆಯ ಮಾಂಜರಿ, ಫುರಸುಂಗಿ ಕಡೆ ಮನೆಮನೆಗೆ ಹೋಗಿ ಆಡು ನೋಡುವ ಪಶುವೈದ್ಯ ನಾನು. ಮುರಿದ ಕೊಂಬು, ನಾಯಿ ಕಚ್ಚಿದ ಗಾಯದ ಹೊಲಿಗೆ ಇಂಥದ್ದಕ್ಕೆಲ್ಲ ಮಂಪರು ಬೇಕೇ ಬೇಕು. ಈಗ ನನ್ನ ಕೈ ಮೊದಲು ಹೋಗುವುದು ಮಿಡಜೋಲಮ್‌ಗೆ. ಹಿಂದೆ ದನಕ್ಕೆ ಒಯ್ಯುವ ಕ್ಸೈಲಜಿನ್ನನ್ನೇ ಆಡಿಗೂ ಕೊಡುತ್ತಿದ್ದೆ.

ಕ್ಸೈಲಜಿನ್‌ನ ದೊಡ್ಡ ತೊಂದರೆ ಅಳತೆಯದು. ಸೀಸೆಯಲ್ಲಿ ಮಿಲಿಗೆ 20 ಮಿಗ್ರಾಂ ಇರುತ್ತದೆ; ಆಡಿಗೆ ಕಿಲೋಗೆ 0.05 ಮಿಗ್ರಾಂ ಸಾಕು. 25 ಕಿಲೋದ ಉಸ್ಮಾನಾಬಾದಿ ತಳಿಯ ಆಡಿಗೆ ಬರೀ 0.06 ಮಿಲಿ.

ಒಮ್ಮೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬಂದ ಅಜ್ಜಿಯೊಬ್ಬರ ಆಡಿಗೆ ಆ ಹನಿಯನ್ನು 2 ಮಿಲಿ ಸಿರಿಂಜಿಗೆ ಎಳೆದು, ಅದೇ ಸಿರಿಂಜಿಗೆ ಸಲೈನ್ ಎಳೆದುಕೊಂಡೆ. ಸೂಜಿಯಲ್ಲಿ, ಸಿರಿಂಜಿನ ಕತ್ತಿನಲ್ಲಿ ನಿಂತಿದ್ದ ಔಷಧ ಗೆರೆಯ ಲೆಕ್ಕಕ್ಕೆ ಸಿಗುವುದಿಲ್ಲ. ಸಲೈನ್ ಜತೆ ಅದೂ ಒಳಗೆ ಬಂದು ಪ್ರಮಾಣ ದುಪ್ಪಟ್ಟಿನ ಹತ್ತಿರ ಹೋಯಿತು. ಕೆಲವೇ ನಿಮಿಷದಲ್ಲಿ ಆಡು ಕುಸಿಯಿತು. ಎದೆಬಡಿತ ನಿಧಾನವಾಯಿತು, ಜೊಲ್ಲು ಸುರಿಯಿತು, ಎಡಹೊಟ್ಟೆ ಉಬ್ಬಿತು, ಒಸಡು ನೀಲಿಗಟ್ಟಿತು. "ಡಾಕ್ಟರ್ರ, ಅದರ ಉಸುರು ಕಾಣವಲ್ದು ನೋಡ್ರಿ" ಎಂದು ಅಜ್ಜಿ ಅಳತೊಡಗಿದರು. ಆಡನ್ನು ಎದೆ ನೆಲಕ್ಕೂರುವಂತೆ ಕೂರಿಸಿ, ಜೊಲ್ಲು ಹೊರಗೆ ಹರಿಯುವಂತೆ ಮೂತಿ ಕೆಳಗೆ ಮಾಡಿ, ಕ್ಸೈಲಜಿನ್ ಇಳಿಸುವ ಪ್ರತಿಮದ್ದು ಯೋಹಿಂಬಿನ್ ಕೊಟ್ಟೆ. ಬದುಕಿತು. ಆಮೇಲೆ ಬಹಳ ಹೊತ್ತು ಮೂತ್ರ ಮಾಡುತ್ತಲೇ ಇತ್ತು. ಕ್ಸೈಲಜಿನ್ ಇನ್ಸುಲಿನ್ ತಡೆದು ರಕ್ತದ ಸಕ್ಕರೆ ಏರಿಸುತ್ತದೆ, ನೀರು ಹಿಡಿದಿಡುವ ಹಾರ್ಮೋನನ್ನೂ ತಗ್ಗಿಸುತ್ತದೆ.

ಅಂದಿನಿಂದ ಬೇರೆ ಖಾಲಿ ಸೀಸೆಯಲ್ಲಿ 1 ಮಿಲಿ ಕ್ಸೈಲಜಿನ್‌ಗೆ 9 ಮಿಲಿ ಸಲೈನ್ ಬೆರೆಸುತ್ತೇನೆ. ಆಗ ಅದೇ ಆಡಿಗೆ 0.6 ಮಿಲಿ, ಕಣ್ಣಿಗೆ ಕಾಣುವ ಅಳತೆ.

ಮಿಡಜೋಲಮ್‌ನಲ್ಲಿ ಈ ಪಾಡಿಲ್ಲ. ಮಿಲಿಗೆ 5 ಮಿಗ್ರಾಂನ ಆಂಪೂಲ್ (ಪುಟ್ಟ ಗಾಜಿನ ಸೀಸೆ), ಕಿಲೋಗೆ 0.3 ಮಿಗ್ರಾಂನಂತೆ ಅದೇ ಆಡಿಗೆ 1.5 ಮಿಲಿ. ಎದೆಬಡಿತ, ಉಸಿರು ಹೆಚ್ಚು ಕದಲುವುದಿಲ್ಲ. ಕೆಲವು ಆಡು ಎದ್ದಕೂಡಲೇ ಮೇವಿಗೆ ಬಾಯಿ ಹಾಕುತ್ತವೆ. ಆದರೆ ಇದು ನೋವು ತಡೆಯುವುದಿಲ್ಲ, ಹೊಲಿಗೆಗೆ ಆ ಜಾಗ ಮರಗಟ್ಟಿಸುವ ಲಿಗ್ನೋಕೇನ್ ಬೇಕೇ ಬೇಕು. ಆಡಿಗೆ ಅದೂ ಬೇಗ ವಿಷವಾಗುತ್ತದೆ. 2 ಶೇಕಡಾದ್ದನ್ನು 1ಕ್ಕೆ ಇಳಿಸಿ, ಒಟ್ಟು ಕಿಲೋಗೆ 5 ಮಿಗ್ರಾಂ ದಾಟಿಸುವುದಿಲ್ಲ.

ಮಂಪರಿನ ಬೇರೆ ಔಷಧಗಳೂ ಇವೆ. ಡಯಜೆಪಾಮ್ ಸ್ನಾಯುವಿಗೆ ಚುಚ್ಚಿದರೆ ಉರಿ, ರಕ್ತನಾಳಕ್ಕೇ ಕೊಡಬೇಕು. ಏಸ್‌ಪ್ರೊಮಜಿನ್ ರಕ್ತದೊತ್ತಡ ಇಳಿಸುತ್ತದೆ. ನಾಯಿ ಕಚ್ಚಿ ರಕ್ತ ಹೋದ ಆಡಿಗೆ ನಾನು ಅದನ್ನು ಕೊಡುವುದಿಲ್ಲ.

ಖರ್ಚಿನಲ್ಲಿ ಕ್ಸೈಲಜಿನ್ ಗೆಲ್ಲುತ್ತದೆ: ಒಂದು ಸೀಸೆ ಎಷ್ಟೋ ಆಡುಗಳಿಗೆ ಬರುತ್ತದೆ. ಮಿಡಜೋಲಮ್‌ಗೆ ಪ್ರತಿ ಆಡಿಗೂ ಹೊಸ ಆಂಪೂಲ್, ಅಂಗಡಿಯಲ್ಲಿ ಚೀಟಿ ಬೇರೆ. ಒಂದೆರಡು ಆಡೇ ಆಸ್ತಿಯಾದ ಮನೆಗಳಿಗೆ ಹೋಗುವವನು ನಾನು. ಆ ಹೆಚ್ಚಿನ ದುಡ್ಡನ್ನು ನನ್ನ ಫೀಸಿನಲ್ಲೇ ಕಳೆದುಕೊಳ್ಳುತ್ತೇನೆ. ಗಟ್ಟಿಮುಟ್ಟಾದ ಹೋತ ಜಗ್ಗಾಡಿದರೆ ಮಾತ್ರ ತೆಳುಮಾಡಿದ ಕ್ಸೈಲಜಿನ್ ತೆಗೆಯುತ್ತೇನೆ. ತುಂಬುಗಬ್ಬದ ಆಡಿಗೆ ಅದು ಗರ್ಭಕೋಶ ಹಿಂಡುತ್ತದೆ, ಹಾಗಾಗಿ ಅಲ್ಲಿ ಸೀಸೆ ಚೀಲದಿಂದ ಹೊರಗೇ ಬರುವುದಿಲ್ಲ.